ಎಂದೂ ಶತ್ರುವಿನ ಕೈಸೇರದ ಕೋಟೆ: ಸೇಂಟ್ ಅಗಸ್ಟೀನ್‌ನ ಕಾಸ್ತಿಯೋ ದೆ ಸಾನ್ ಮಾರ್ಕೋಸ್ ಕುರಿತು ಚರ್ಚೆ

ಕರಾವಳಿ ಓದುಗ (ಚರ್ಚೆ ಆರಂಭಿಸಿದವರು)

ಗೆಳೆಯರೇ, ಅಮೆರಿಕದ ಫ್ಲೋರಿಡಾ ರಾಜ್ಯದ ಪೂರ್ವ ಕರಾವಳಿಯ ಸೇಂಟ್ ಅಗಸ್ಟೀನ್ ಊರಿನಲ್ಲಿ ಸ್ಪೇನಿನವರು ಕಟ್ಟಿದ ಕಾಸ್ತಿಯೋ ದೆ ಸಾನ್ ಮಾರ್ಕೋಸ್ ಎಂಬ ಕೋಟೆಯಿದೆ. ಅದರ ಮಾತು ಬಂದಲ್ಲೆಲ್ಲ, ಇದನ್ನು ಯುದ್ಧದಲ್ಲಿ ಯಾರೂ ಗೆದ್ದಿಲ್ಲ ಎಂಬ ವಾಕ್ಯ ತಪ್ಪದೆ ಕಾಣಿಸಿಕೊಳ್ಳುತ್ತದೆ. ವಾಕ್ಯ ನಿಜವೇ. ಆದರೆ ಅದಕ್ಕೆ ಕಾರಣವೇನು ಎಂದು ಕೇಳಿದರೆ ಬಹುತೇಕರು ಗೋಡೆಯ ಕಲ್ಲಿನತ್ತ ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಅಷ್ಟೇ ಉತ್ತರ ಸಾಕೇ ಎಂಬುದನ್ನು ಇಲ್ಲಿ ಕೂಡಿ ಯೋಚಿಸಬೇಕೆಂಬುದು ನನ್ನ ಆಸೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 1564ರಲ್ಲಿ ಫ್ರಾನ್ಸಿನ ಪ್ರೊಟೆಸ್ಟೆಂಟರು ಸೇಂಟ್ ಜಾನ್ಸ್ ನದಿಯ ದಡದಲ್ಲಿ ಫೋರ್ಟ್ ಕ್ಯಾರೊಲೀನ್ ಎಂಬ ನೆಲೆ ಕಟ್ಟಿದರು. ಮೆಕ್ಸಿಕೋ ಮತ್ತು ಪೆರುವಿನ ಬೆಳ್ಳಿಯನ್ನು ತುಂಬಿಕೊಂಡ ಸ್ಪೇನಿನ ಹಡಗುಗಳು ಫ್ಲೋರಿಡಾದ ಕರಾವಳಿಯ ಪಕ್ಕದಲ್ಲೇ, ಅಲ್ಲಿನ ಸಮುದ್ರಪ್ರವಾಹದ ಬೆನ್ನೇರಿ ತಾಯ್ನಾಡಿಗೆ ಮರಳುತ್ತಿದ್ದುದರಿಂದ, ಅದೇ ದಾರಿಯಲ್ಲಿ ಇನ್ನೊಂದು ರಾಜ್ಯದವರು ನೆಲೆಯೂರುವುದನ್ನು ದೊರೆ ಎರಡನೆಯ ಫಿಲಿಪ್ ಸಹಿಸುವಂತಿರಲಿಲ್ಲ. ಅವನ ಅಪ್ಪಣೆಯಂತೆ ಬಂದ ಪೆದ್ರೊ ಮೆನೆಂದೆಸ್ ದೆ ಅವಿಲೆಸ್ 1565ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಅಗಸ್ಟೀನ್ ಊರಿಗೆ ಅಡಿಪಾಯ ಹಾಕಿದ. ಅದೇ ತಿಂಗಳು ಫ್ರೆಂಚರ ಕೋಟೆಯನ್ನೂ ಹಿಡಿದ. ಬಿರುಗಾಳಿಗೆ ಸಿಕ್ಕಿ ಹಡಗೊಡೆದು ದಡ ಸೇರಿದ್ದ ಫ್ರೆಂಚರು ಶರಣಾದ ಮೇಲೂ ಅವರಲ್ಲಿ ಬಹುಪಾಲು ಜನರನ್ನು ಮತಾನ್ಸಾಸ್ ಅಳಿವೆಯ ಬಳಿ ಕೊಲ್ಲಿಸಿದ.

ಅಲ್ಲಿಂದ ಮುಂದಿನ ನೂರು ವರ್ಷ ಅಲ್ಲಿದ್ದುದು ಮರದ ಕೋಟೆಗಳು ಮಾತ್ರ. ಒಂದಾದ ಮೇಲೊಂದರಂತೆ ಒಂಬತ್ತು ಕಟ್ಟಿದರು. ಫ್ಲೋರಿಡಾದ ತೇವದಲ್ಲಿ ಮರ ಕೊಳೆಯಿತು, ಗೆದ್ದಲು ತಿಂದಿತು, ಬಿರುಗಾಳಿ ಕೆಡವಿತು. 1586ರಲ್ಲಿ ಫ್ರಾನ್ಸಿಸ್ ಡ್ರೇಕ್ ಬಂದು ಕೋಟೆಯ ಜೊತೆಗೆ ಊರನ್ನೂ ಸುಟ್ಟುಹೋದ. 1668ರಲ್ಲಿ ರಾಬರ್ಟ್ ಸರ್ಲ್ ಎಂಬ ಕಡಲುಗಳ್ಳ ರಾತ್ರಿ ನುಗ್ಗಿ ಊರನ್ನು ದೋಚಿದಾಗ ಬೀದಿಯಲ್ಲಿ ಸಿಕ್ಕವರು ಪ್ರಾಣ ಕಳೆದುಕೊಂಡರು. ಬಾಲಕ ದೊರೆ ಎರಡನೆಯ ಕಾರ್ಲೋಸನ ಪರವಾಗಿ ಆಳುತ್ತಿದ್ದ ರಾಣಿ ಮರಿಯಾನಾ, ಕಲ್ಲಿನ ಕೋಟೆ ಕಟ್ಟಲು ಹಣ ಕೊಡಬೇಕೆಂದು ಮೆಕ್ಸಿಕೋದ ರಾಜಪ್ರತಿನಿಧಿಗೆ 1669ರಲ್ಲಿ ಆಜ್ಞೆ ಕಳುಹಿಸಿದ್ದು ಆ ದಾಳಿಯ ಬಳಿಕವೇ. ಮರುವರ್ಷ ಇಂಗ್ಲಿಷರು ಉತ್ತರಕ್ಕೆ ಚಾರ್ಲ್ಸ್‌ಟೌನ್ ಕಟ್ಟಿಕೊಂಡದ್ದರಿಂದ ಕೆಲಸದ ಅವಸರ ಇಮ್ಮಡಿಸಿತು. ಸ್ಪೇನಿನವರ ಕೈಯಲ್ಲಿದ್ದ ಕ್ಯೂಬಾದ ಹವಾನಾದಿಂದ ಬಂದ ಎಂಜಿನಿಯರ್ ಇಗ್ನಾಸಿಯೊ ದಾಸಾನ ನಕ್ಷೆಯಂತೆ, ಗವರ್ನರ್ ಮನುವೆಲ್ ದೆ ಸೆಂದೋಯಾ 1672ರ ಅಕ್ಟೋಬರ್ 2ರಂದು ನೆಲಕ್ಕೆ ಗುದ್ದಲಿ ಹಾಕಿದ. ಮರುವರ್ಷವೇ ಇಬ್ಬರೂ ತೀರಿಕೊಂಡರು. ಕೋಟೆ ಒಂದು ಹಂತಕ್ಕೆ ಬಂದು ನಿಂತದ್ದು 1695ರಲ್ಲಿ, ಎಂದರೆ 23 ವರ್ಷಗಳ ಮೇಲೆ. ಅಮೆರಿಕದ ಮುಖ್ಯ ಭೂಭಾಗದಲ್ಲಿ ಇಂದು ಉಳಿದಿರುವ ಕಲ್ಲಿನ ಕೋಟೆಗಳಲ್ಲಿ ಇದಕ್ಕಿಂತ ಹಳೆಯದು ಇನ್ನೊಂದಿಲ್ಲ.

ಕಟ್ಟಡದ ಬಗ್ಗೆ ಬಲ್ಲವರು ಮೊದಲು ಮಾತನಾಡಲಿ.

ಕುಮಟೆಯ ಎಂಜಿನಿಯರ್

ನಾನು ಕಲ್ಲಿನಿಂದಲೇ ಆರಂಭಿಸುತ್ತೇನೆ. ಅದನ್ನು ಬದಿಗಿಟ್ಟು ಈ ಕೋಟೆಯ ಮಾತು ನಡೆಯುವುದಿಲ್ಲ. ಸೇಂಟ್ ಅಗಸ್ಟೀನ್‌ನ ಎದುರಿಗೆ, ಕೊಲ್ಲಿಯ ಆಚೆ, ಅನಸ್ತಾಸಿಯಾ ಎಂಬ ಉದ್ದನೆಯ ದ್ವೀಪವಿದೆ. ಅಲ್ಲಿನ ಮರಳಿನ ಕೆಳಗೆ ಕೊಕೀನಾ ಎಂಬ ಕಲ್ಲಿನ ಪದರ ಸಿಗುತ್ತದೆ. ಬೆರಳುಗುರಿನಷ್ಟು ಚಿಕ್ಕದಾದ ಡೋನಾಕ್ಸ್ ಜಾತಿಯ ಚಿಪ್ಪುಗಳು ಸಾವಿರಾರು ವರ್ಷಗಳಿಂದ ದಡದಲ್ಲಿ ರಾಶಿಬಿದ್ದು, ಇಂಗಿದ ಮಳೆನೀರು ಚಿಪ್ಪಿನ ಸುಣ್ಣವನ್ನು ಅಷ್ಟಷ್ಟೇ ಕರಗಿಸಿ ಮತ್ತೆ ಗಟ್ಟಿಗೊಳಿಸಿದ್ದರಿಂದ ಆದ ಕಲ್ಲು ಅದು. ನೆಲದೊಳಗೆ ಒದ್ದೆಯಾಗಿದ್ದಾಗ ಕೊಡಲಿ, ಹಾರೆಗಳಿಗೆ ಸುಲಭವಾಗಿ ಮಣಿಯುತ್ತದೆ. ಹೊರತೆಗೆದು ತಿಂಗಳುಗಟ್ಟಲೆ ಗಾಳಿಗೆ ಒಣಗಲು ಬಿಟ್ಟರೆ ಗಡುಸಾಗುತ್ತದೆ.

ನಮ್ಮ ಕಡೆಯವರಿಗೆ ಈ ಗುಣ ಹೊಸದೇನಲ್ಲ. ಉತ್ತರ ಕನ್ನಡದ ಚಿರೇಕಲ್ಲು, ದಕ್ಷಿಣದವರು ಮುರಕಲ್ಲು ಎನ್ನುವುದು, ಹೀಗೆಯೇ ನೆಲದಲ್ಲಿ ಮೆದುವಾಗಿದ್ದು ಗಾಳಿ ತಾಗಿದ ಮೇಲೆ ಬಿಗಿಯುತ್ತದೆ. ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆ ಎದ್ದು ನಿಂತಿರುವುದು ಅದರಿಂದಲೇ. ಎರಡೂ ಕಲ್ಲುಗಳ ಹುಟ್ಟು ಮಾತ್ರ ಬೇರೆ. ಚಿರೇಕಲ್ಲು ಬಂಡೆ ಶಿಥಿಲವಾಗಿ, ಕಬ್ಬಿಣದ ಅಂಶ ಉಳಿದು ಆದದ್ದು. ಕೊಕೀನಾ ಬಹುಪಾಲು ಬರಿಯ ಚಿಪ್ಪು. ಗಾರೆಗೆ ಬೇಕಾದ ಸುಣ್ಣಕ್ಕಾಗಿ ಅವರು ಆಯ್ಸ್ಟರ್ ಚಿಪ್ಪುಗಳನ್ನು ಗೂಡುಗಳಲ್ಲಿ ಸುಟ್ಟರು. ನಮ್ಮ ಕರಾವಳಿಯಲ್ಲೂ ಹಳೆಯ ಮನೆಗಳ ಗಾರೆಗೆ ಚಿಪ್ಪು ಸುಣ್ಣವೇ ಬಳಕೆಯಲ್ಲಿತ್ತು.

ಕೊಕೀನಾದ ನಿಜವಾದ ವಿಶೇಷ ಇರುವುದು ಅದರ ದೌರ್ಬಲ್ಯದಲ್ಲಿ. ಗ್ರಾನೈಟ್‌ನಂಥ ಗಡಸು ಕಲ್ಲಿಗೆ ಫಿರಂಗಿಯ ಗುಂಡು ಬಡಿದರೆ ಪೆಟ್ಟಿನ ಬಲ ಕಲ್ಲಿನೊಳಗೆಲ್ಲ ಹರಡಿ ಬಿರುಕು ಬಿಡುತ್ತದೆ, ಚೂರುಗಳು ಸಿಡಿಯುತ್ತವೆ. ಕೊಕೀನಾದಲ್ಲಿ ಚಿಪ್ಪು ಚಿಪ್ಪಿನ ನಡುವೆ ಸಣ್ಣ ಸಣ್ಣ ಪೊಳ್ಳುಗಳಿರುವುದರಿಂದ, ಗುಂಡು ತಗುಲಿದ ಜಾಗ ಮಾತ್ರ ಒಳಕ್ಕೆ ಕುಗ್ಗಿ, ಪುಡಿಯಾಗಿ, ಗುಂಡಿನ ವೇಗವನ್ನು ನುಂಗಿಬಿಡುತ್ತದೆ. ಗುಂಡು ಅಲ್ಲೇ ಹೂತುಕೊಳ್ಳುತ್ತದೆ, ಅಕ್ಕಪಕ್ಕದ ಕಲ್ಲು ಅಲುಗುವುದಿಲ್ಲ. ಮೊದಲ ಮುತ್ತಿಗೆಯವರೆಗೆ ಕಟ್ಟಿದವರಿಗೂ ಈ ಗುಣದ ಖಾತರಿ ಇದ್ದಿರಲಾರದು ಎಂದು ನನ್ನ ಅನಿಸಿಕೆ. ಹತ್ತಿರದಲ್ಲಿ ಬೇರೆ ಕಲ್ಲು ಇಲ್ಲವಾದ್ದರಿಂದ ಸಿಕ್ಕಿದ್ದನ್ನು ದಪ್ಪವಾಗಿ ಕಟ್ಟಿದರು. ಕೊಲ್ಲಿಯ ಕಡೆಯ ಗೋಡೆ ಬುಡದಲ್ಲಿ ಸುಮಾರು 19 ಅಡಿ ದಪ್ಪವಿದೆ.

ಇನ್ನು ಆಕಾರದ ಮಾತು. ನಡುವೆ ಚೌಕ ಅಂಗಳ, ನಾಲ್ಕು ಮೂಲೆಗಳಲ್ಲಿ ಈಟಿಯ ಮೊನೆಯಂತೆ ಹೊರಚಾಚಿದ ನಾಲ್ಕು ಕೊತ್ತಲಗಳು: ಸಾನ್ ಪೆದ್ರೊ, ಸಾನ್ ಪಾಬ್ಲೊ, ಸಾನ್ ಕಾರ್ಲೋಸ್, ಸಾನ್ ಅಗುಸ್ತೀನ್. ಒಂದು ಕೊತ್ತಲದ ಮೇಲೆ ನಿಂತ ತೋಪಿನವನಿಗೆ ಪಕ್ಕದ ಕೊತ್ತಲದ ಗೋಡೆಯ ಬುಡ ಪೂರ್ತಿ ಕಾಣುವಂತೆ ಕೋನಗಳನ್ನು ಲೆಕ್ಕಹಾಕಿರುವುದರಿಂದ, ಗೋಡೆಗೆ ಏಣಿ ಹಚ್ಚುವವನಿಗೆ ಮರೆಯಾಗಿ ನಿಲ್ಲಲು ಒಂದು ಗೇಣು ಜಾಗವೂ ಉಳಿಯುವುದಿಲ್ಲ. ಸುತ್ತ ಕಂದಕ, ಅದರಾಚೆ ಹೊರಕ್ಕೆ ಇಳಿಜಾರಾದ ಮಣ್ಣಿನ ದಿಬ್ಬ, ಅದು ಗೋಡೆಯ ಕೆಳಭಾಗವನ್ನು ಶತ್ರುವಿನ ಫಿರಂಗಿಯಿಂದ ಮರೆಮಾಡುತ್ತದೆ. ಹೆಬ್ಬಾಗಿಲಿನ ಮುಂದೆ ತ್ರಿಕೋನಾಕಾರದ ಹೊರಕಟ್ಟು, ಅದನ್ನು ದಾಟಿಯೇ ಎತ್ತುಸೇತುವೆಯ ಮೇಲೆ ಒಳಹೋಗಬೇಕು. ಇಟಲಿಯಲ್ಲಿ ಹುಟ್ಟಿ ಯುರೋಪಿನಾದ್ಯಂತ ಹರಡಿದ ಈ ಪದ್ಧತಿಯ ಕೋಟೆಯನ್ನು ಕರ್ನಾಟಕದಲ್ಲಿ ನೋಡಬಯಸುವವರು ಸಕಲೇಶಪುರದ ಬಳಿ ಟಿಪ್ಪು ಕಟ್ಟಿಸಿದ ಮಂಜರಾಬಾದಿಗೆ ಹೋಗಬಹುದು. ಅಲ್ಲಿ ಎಂಟು ಮೊನೆಗಳ ನಕ್ಷತ್ರವಿದೆ.

1738ರಿಂದ ಇನ್ನೊಂದು ದೊಡ್ಡ ಬದಲಾವಣೆ ನಡೆಯಿತು. ಅಂಗಳದ ಸುತ್ತಲಿನ ಕೋಣೆಗಳಿಗೆ ಮೊದಲು ಮರದ ತೊಲೆಗಳ ಚಾವಣಿಯಿತ್ತು. ಅದನ್ನು ತೆಗೆದು ಕೊಕೀನಾದ ಕಮಾನು ಚಾವಣಿ ಕಟ್ಟಿ, ಗೋಡೆಗಳನ್ನು ಸುಮಾರು 26 ಅಡಿಯಿಂದ 33 ಅಡಿಗೆ ಏರಿಸಿದರು. ಆಕಾಶದಿಂದ ಬೀಳುವ ಸಿಡಿಗುಂಡನ್ನು ತಡೆಯುವುದಷ್ಟೇ ಅಲ್ಲದೆ, ಆ ಕಮಾನುಗಳ ನೆತ್ತಿಯ ಮೇಲೆ ಎಲ್ಲೆಂದರಲ್ಲಿ ಭಾರದ ತೋಪುಗಳನ್ನು ನಿಲ್ಲಿಸುವುದಕ್ಕೂ ಇದರಿಂದ ಸಾಧ್ಯವಾಯಿತು.

ಇತಿಹಾಸ ಅಧ್ಯಾಪಕಿ

ಎಂಜಿನಿಯರ್ ಅವರ ವಿವರಣೆಯನ್ನು ಪೂರ್ತಿ ಒಪ್ಪುತ್ತೇನೆ. ಆದರೂ ಎರಡು ಮುತ್ತಿಗೆಗಳನ್ನು ಹತ್ತಿರದಿಂದ ನೋಡಿದರೆ, ಕೋಟೆಯನ್ನು ಉಳಿಸಿದ್ದು ಕಲ್ಲಿನಷ್ಟೇ ಮಟ್ಟಿಗೆ ಹವಾನಾದಿಂದ ಬಂದ ಹಡಗುಗಳು ಎಂದು ಹೇಳಬೇಕಾಗುತ್ತದೆ.

1702ರ ನವೆಂಬರ್‌ನಲ್ಲಿ ಇಂಗ್ಲಿಷರ ವಸಾಹತಾದ ಕ್ಯಾರೊಲಿನಾದ ಗವರ್ನರ್ ಜೇಮ್ಸ್ ಮೂರ್ ದಂಡೆತ್ತಿ ಬಂದಾಗ ಸ್ಪೇನಿನ ಗವರ್ನರ್ ಹೊಸೆ ದೆ ಸೂನಿಗಾ ಊರನ್ನು ಕಾಯುವ ಯೋಚನೆಯನ್ನೇ ಮಾಡಲಿಲ್ಲ. ಮಕ್ಕಳು ಮುದುಕರು ಸಹಿತ ಸುಮಾರು 1,500 ಜನರನ್ನು ಕೋಟೆಯೊಳಗೆ ಸೇರಿಸಿಕೊಂಡ. ದನಗಳ ಹಿಂಡನ್ನು ಹೊಡೆದುಕೊಂಡು ಬಂದು ಕಂದಕದೊಳಗೆ ಬಿಡಲಾಯಿತು. ಈ ಕಂದಕ ನೀರು ತುಂಬಲು ತೋಡಿದ್ದಲ್ಲ, ಒಣಗಿದ್ದೇ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಮುತ್ತಿಗೆಯ ಕಾಲಕ್ಕೆ ಅದೇ ಕೊಟ್ಟಿಗೆಯಾಯಿತು. ಕೋಟೆಗೆ ತೀರ ಹತ್ತಿರವಿದ್ದ ಮನೆಗಳು ಶತ್ರುವಿಗೆ ಮರೆಯಾಗಬಾರದೆಂದು ಸೂನಿಗಾನೇ ಅವುಗಳಿಗೆ ಬೆಂಕಿ ಇಡಿಸಿದ. ಇಷ್ಟು ಜನ, ಬೀದಿಯೊಂದರಷ್ಟೂ ವಿಶಾಲವಿಲ್ಲದ ಕೋಣೆಗಳಲ್ಲಿ ಮತ್ತು ಬಯಲು ಅಂಗಳದಲ್ಲಿ, ಚಳಿಗಾಲದ ಏಳು ವಾರ ಕಳೆದರು ಎಂಬುದನ್ನು ಒಮ್ಮೆ ಊಹಿಸಿಕೊಳ್ಳಿ. ಅಂಗಳದಲ್ಲಿ ಬಾವಿಗಳಿದ್ದವು. ಕೋಟೆಯ ಬದುಕಿಗೆ ಅವು ಫಿರಂಗಿಗಳಿಗಿಂತ ಮುಖ್ಯವಾಗಿದ್ದವು ಎಂದೇ ನನ್ನ ಭಾವನೆ.

ಮೂರ್‌ನ ಬಳಿಯಿದ್ದ ಸಣ್ಣ ತೋಪುಗಳಿಂದ ಗೋಡೆಗೆ ಏನೂ ಆಗಲಿಲ್ಲ. ದೊಡ್ಡವನ್ನು ತರಲು ಅವನು ಜಮೈಕಾಕ್ಕೆ ಆಳು ಕಳುಹಿಸಿದ. ಅವು ಬಂದು ತಲುಪುವ ಮೊದಲೇ, ಡಿಸೆಂಬರ್ ಕೊನೆಗೆ, ಹವಾನಾದ ಯುದ್ಧನೌಕೆಗಳು ಕೊಲ್ಲಿಯ ಬಾಯಿಯಲ್ಲಿ ಕಾಣಿಸಿಕೊಂಡವು. ಒಳಗೆ ಸಿಕ್ಕಿಹಾಕಿಕೊಂಡ ತನ್ನ ಹಡಗುಗಳನ್ನು ತಾನೇ ಸುಟ್ಟು ಮೂರ್ ಕಾಲ್ನಡಿಗೆಯಲ್ಲಿ ಹಿಂದೆ ಸರಿದ. ಹೋಗುವ ಮುನ್ನ ಬಹುತೇಕ ಇಡೀ ಊರಿಗೆ ಬೆಂಕಿ ಹಚ್ಚಿದ. ಕೋಟೆ ಗೆದ್ದಿತು, ನಿಜ. ಹೆಬ್ಬಾಗಿಲು ತೆರೆದು ಹೊರಬಂದ ಸಂಸಾರಗಳಿಗೆ ಮಾತ್ರ ಮರಳಲು ಮನೆಗಳಿರಲಿಲ್ಲ.

1740ರಲ್ಲಿ ಇನ್ನೊಂದು ಬ್ರಿಟಿಷ್ ವಸಾಹತಾದ ಜಾರ್ಜಿಯಾದ ಜೇಮ್ಸ್ ಓಗಲ್‌ಥಾರ್ಪ್ ಹೆಚ್ಚಿನ ಸಿದ್ಧತೆಯಿಂದಲೇ ಬಂದ. ಅನಸ್ತಾಸಿಯಾ ದ್ವೀಪದ ಮೇಲೆ ತೋಪುಗಳನ್ನು ಹೂಡಿ, ಕೊಲ್ಲಿಯಾಚೆಯಿಂದ 27 ದಿನ ಗುಂಡಿನ ಮಳೆ ಸುರಿಸಿದ. ಗುಂಡುಗಳು ಗೋಡೆಯಲ್ಲಿ ನೆಟ್ಟುಕೊಂಡವು, ಗೋಡೆ ಬೀಳಲಿಲ್ಲ. ಸಿಡಿಗುಂಡುಗಳಿಂದಲೂ ಕೋಟೆಗೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಇಷ್ಟಾದರೂ, ಒಳಗಿದ್ದವರಿಗೆ ಹೊಟ್ಟೆಯ ಚಿಂತೆ ಬಾಧಿಸಲಾರಂಭಿಸಿತ್ತು. ಗವರ್ನರ್ ಮನುವೆಲ್ ದೆ ಮೊಂತಿಯಾನೊ ಹವಾನಾಕ್ಕೆ ಸಹಾಯ ಬೇಡಿ ಓಲೆ ಬರೆಯುತ್ತಲೇ ಇದ್ದ. ಕೊನೆಗೆ ಜುಲೈನಲ್ಲಿ ದವಸಧಾನ್ಯದ ದೋಣಿಗಳು ಬ್ರಿಟಿಷರ ಕಣ್ಣುತಪ್ಪಿಸಿ ದಕ್ಷಿಣದ ಮತಾನ್ಸಾಸ್ ಅಳಿವೆಯ ಮೂಲಕ ಒಳಬಂದವು. ಚಂಡಮಾರುತದ ಕಾಲ ಸಮೀಪಿಸುತ್ತಿದ್ದುದರಿಂದ ಬ್ರಿಟಿಷ್ ನೌಕಾಪಡೆ ಹೊರಟುನಿಂತಿತು, ಓಗಲ್‌ಥಾರ್ಪ್ ಮುತ್ತಿಗೆ ತೆಗೆದ. ಆ ಹಿತ್ತಿಲ ಬಾಗಿಲಿನ ಮಹತ್ವ ಮನಗಂಡ ಮೊಂತಿಯಾನೊ, ಅಳಿವೆಯ ಬಳಿ ಕೊಕೀನಾದಲ್ಲೇ ಮತಾನ್ಸಾಸ್ ಎಂಬ ಚಿಕ್ಕ ಕಾವಲು ಕೋಟೆಯನ್ನು 1742ರ ಹೊತ್ತಿಗೆ ಕಟ್ಟಿಸಿ ಮುಗಿಸಿದ. ಅದು ಇಂದಿಗೂ ಇದೆ.

ಇನ್ನೊಂದು ಮಾತು. ಈ ಊರು ತನ್ನ ದುಡಿಮೆಯಿಂದ ತಾನೇ ಬದುಕಿದ್ದಲ್ಲ. ಸೈನಿಕರ ಸಂಬಳ, ಹಿಟ್ಟು, ಬಟ್ಟೆ, ಮದ್ದುಗುಂಡು ಎಲ್ಲಕ್ಕೂ ಮೆಕ್ಸಿಕೋದ ಖಜಾನೆಯಿಂದ ಸಿತುವಾದೊ ಎಂಬ ವಾರ್ಷಿಕ ಹಣ ಬರಬೇಕಿತ್ತು. ಹಡಗು ಮುಳುಗಿದರೆ, ಕಡಲುಗಳ್ಳರ ಕೈಗೆ ಸಿಕ್ಕಿದರೆ, ಅಥವಾ ಮೆಕ್ಸಿಕೋದಲ್ಲೇ ಕಡತ ನಿಂತರೆ ಇಲ್ಲಿ ಉಪವಾಸ. ಕೋಟೆಯ ಕೆಲಸ 23 ವರ್ಷ ಎಳೆದದ್ದಕ್ಕೆ ಅದೂ ಒಂದು ದೊಡ್ಡ ಕಾರಣ.

ಸಾಗರದ ವಿದ್ಯಾರ್ಥಿ

ಮೇಡಂ, ತಮ್ಮ ವಿವರಣೆಗೆ ಧನ್ಯವಾದಗಳು. ಗವರ್ನರುಗಳ ಮತ್ತು ಸೇನಾಪತಿಗಳ ಹೆಸರುಗಳು ತಿಳಿದವು. ಅಷ್ಟು ದಪ್ಪದ ಗೋಡೆಗೆ ಕಲ್ಲು ಕಡಿದವರು, ಹೊತ್ತವರು ಯಾರು? ಇಂಗ್ಲಿಷರ ತೋಟಗಳಿಂದ ತಪ್ಪಿಸಿಕೊಂಡು ಬಂದ ಗುಲಾಮರಿಗೆ ಸ್ಪೇನಿನವರು ಆಶ್ರಯ ಕೊಟ್ಟರು ಎಂದು ಓದಿದ್ದೇನೆ. ಅದಕ್ಕೂ ಈ ಕೋಟೆಗೂ ಸಂಬಂಧವಿದೆಯೇ?

ಇತಿಹಾಸ ಅಧ್ಯಾಪಕಿ

ಎರಡೂ ಪ್ರಶ್ನೆಗಳಿಗೆ ಬಿಡಿಸಿ ಉತ್ತರಿಸಬೇಕು.

ಹವಾನಾದಿಂದ ಕಲ್ಲುಕುಟಿಗರು, ಸುಣ್ಣ ಸುಡುವವರು ಬಂದರು. ಇವರು ಕೈಬೆರಳೆಣಿಕೆಯ ಕುಶಲಕರ್ಮಿಗಳು. ಮೈಮುರಿದು ದುಡಿದವರು ಬಹುಪಾಲು ಅಲ್ಲಿನ ಮೂಲನಿವಾಸಿಗಳು: ಗುವಾಲೆ, ತಿಮುಕುವಾ ಮತ್ತು ಅಪಲಾಚೀ ಜನ. ಕ್ರೈಸ್ತ ಮಿಷನ್‌ಗಳ ಅಡಿಯಲ್ಲಿದ್ದ ಇವರ ಹಳ್ಳಿಗಳಿಂದ ಮುಖಂಡರ ಮೂಲಕ ಆಳುಗಳನ್ನು ಸರದಿಯಂತೆ ಕರೆಸಿಕೊಳ್ಳುತ್ತಿದ್ದರು. ದಿನಕ್ಕೆ ಒಂದು ರಿಯಾಲ್ ಮತ್ತು ಮೆಕ್ಕೆಜೋಳದ ಪಡಿ ಅವರ ಕೂಲಿ. ಅಪಲಾಚೀ ಸೀಮೆ ಪಶ್ಚಿಮಕ್ಕೆ, ಇಂದಿನ ಟಲಹಾಸೀಯ ಸುತ್ತ ಇದ್ದುದರಿಂದ ಅಲ್ಲಿಂದ ನಡೆದುಬರುವುದಕ್ಕೇ ವಾರಗಟ್ಟಲೆ ಬೇಕಿತ್ತು. ಅವರ ಜೊತೆಗೆ ರಾಜನ ಗುಲಾಮರಾಗಿದ್ದ ಆಫ್ರಿಕನ್ನರೂ ಶಿಕ್ಷೆಗೊಳಗಾದ ಕೈದಿಗಳೂ ಇದ್ದರು. ದ್ವೀಪದಲ್ಲಿ ಕಲ್ಲನ್ನು ಚೌಕಗಳಾಗಿ ಕಡಿದು, ಎತ್ತಿನ ಬಂಡಿಯಲ್ಲಿ ತೊರೆಯವರೆಗೆ ಎಳೆದು, ತೆಪ್ಪದ ಮೇಲೆ ಕೊಲ್ಲಿ ದಾಟಿಸಿ, ಮತ್ತೆ ಹೊತ್ತು ಗೋಡೆಗೆ ಏರಿಸಬೇಕಾಗಿತ್ತು. ಇದು 23 ವರ್ಷ ನಡೆದ ದುಡಿಮೆ.

ಈ ಜನರಿಗೆ ಮುಂದೆ ಏನಾಯಿತು ಎಂಬುದನ್ನು ಗೆಲುವಿನ ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ಸೇಂಟ್ ಅಗಸ್ಟೀನ್‌ನಲ್ಲಿ ಸೋತ ಅದೇ ಮೂರ್ 1704ರಲ್ಲಿ ಅಪಲಾಚೀ ಮಿಷನ್‌ಗಳ ಮೇಲೆ ಬಿದ್ದು, ಹಳ್ಳಿಗಳನ್ನು ನಾಶಮಾಡಿ, ಅಪಾರ ಸಂಖ್ಯೆಯ ಜನರನ್ನು ಗುಲಾಮರಾಗಿ ಹೊಡೆದುಕೊಂಡು ಹೋದ. ಉಳಿದವರನ್ನು ಸಿಡುಬು ಮತ್ತು ಮುಂದಿನ ದಾಳಿಗಳು ಕರಗಿಸಿದವು. 1763ರಲ್ಲಿ ಸ್ಪೇನಿನವರು ಫ್ಲೋರಿಡಾ ಬಿಟ್ಟು ಹೊರಟಾಗ ಸೇಂಟ್ ಅಗಸ್ಟೀನ್‌ನಿಂದ ಅವರೊಡನೆ ಕ್ಯೂಬಾಕ್ಕೆ ಹೋದ ಮಿಷನ್ ಮೂಲನಿವಾಸಿಗಳ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಕೋಟೆ ಯಾರ ತೋಳಿನಿಂದ ಎದ್ದಿತೋ ಅವರಿಗೆ ಅದರಿಂದ ರಕ್ಷಣೆ ಸಿಗಲಿಲ್ಲ.

ಎರಡನೆಯ ಪ್ರಶ್ನೆ ಫೋರ್ಟ್ ಮೋಸೆಯದು. ಕ್ಯಾರೊಲಿನಾದ ತೋಟಗಳಿಂದ ಓಡಿಬಂದು ಕ್ಯಾಥೊಲಿಕ್ ಮತಕ್ಕೆ ಸೇರುವ ಗುಲಾಮರಿಗೆ ಬಿಡುಗಡೆ ಎಂದು ದೊರೆ ಎರಡನೆಯ ಕಾರ್ಲೋಸ್ 1693ರಲ್ಲಿ ಶಾಸನ ಹೊರಡಿಸಿದ್ದ. ಬಂದವರೆಲ್ಲರಿಗೂ ಅದು ಒಡನೆಯೇ ಫಲಿಸಲಿಲ್ಲ. ಹಲವರು ಸೇಂಟ್ ಅಗಸ್ಟೀನ್‌ನಲ್ಲೇ ಮತ್ತೆ ಗುಲಾಮರಾಗಿ ಉಳಿದರು. ಪಶ್ಚಿಮ ಆಫ್ರಿಕಾದ ಮಾಂದಿಂಗಾ ಜನಾಂಗದ ಫ್ರಾನ್ಸಿಸ್ಕೊ ಮೆನೆಂದೆಸ್ ಎಂಬಾತ ತನಗೂ ತನ್ನವರಿಗೂ ಮಾತಿನಂತೆ ಬಿಡುಗಡೆ ಸಿಗಬೇಕೆಂದು ಮನವಿಯ ಮೇಲೆ ಮನವಿ ಸಲ್ಲಿಸಿದ. ಕೊನೆಗೆ 1738ರಲ್ಲಿ ಮೊಂತಿಯಾನೊ ಅದನ್ನು ಮಾನ್ಯ ಮಾಡಿ, ಕೋಟೆಯಿಂದ ಎರಡು ಮೈಲಿ ಉತ್ತರಕ್ಕೆ ಗ್ರಾಸಿಯಾ ರಿಯಾಲ್ ದೆ ಸಾಂತಾ ತೆರೆಸಾ ದೆ ಮೋಸೆ ಎಂಬ ಹಳ್ಳಿಯನ್ನೂ ಚಿಕ್ಕ ಕೋಟೆಯನ್ನೂ ಕಟ್ಟಿಕೊಳ್ಳಲು ಜಾಗ ಕೊಟ್ಟ. ಇಂದಿನ ಅಮೆರಿಕದ ನೆಲದಲ್ಲಿ ಸ್ವತಂತ್ರ ಕರಿಯರಿಗಾಗಿ ಸರ್ಕಾರದ ಮನ್ನಣೆಯಿಂದ ಹುಟ್ಟಿದ ಮೊದಲ ಊರು ಇದೇ. ಮೊಂತಿಯಾನೊ ಇದನ್ನು ಬರಿಯ ಕರುಣೆಯಿಂದ ಮಾಡಿದನೆಂದು ಭಾವಿಸಬೇಕಿಲ್ಲ. ಉತ್ತರದಿಂದ ಬರುವ ಇಂಗ್ಲಿಷರನ್ನು ಮೊದಲು ಎದುರಿಸುವ ಜಾಗ ಅದಾಗಿತ್ತು, ಮತ್ತೆ ಸೆರೆಸಿಕ್ಕರೆ ಗುಲಾಮಗಿರಿ ಖಚಿತವೆಂದು ಬಲ್ಲವರಿಗಿಂತ ಗಟ್ಟಿಯಾಗಿ ಯಾರು ಹೋರಾಡಿಯಾರು?

1740ರ ಮುತ್ತಿಗೆಯಲ್ಲಿ ಬ್ರಿಟಿಷರು ಮೋಸೆಯನ್ನು ಹಿಡಿದಿದ್ದರು. ಜೂನ್ 26ರ ನಸುಕಿನಲ್ಲಿ ಸ್ಪೇನಿನ ಸೈನಿಕರು, ಮೂಲನಿವಾಸಿಗಳು ಮತ್ತು ಮೆನೆಂದೆಸ್‌ನ ಕರಿಯರ ಪಡೆ ಒಟ್ಟಾಗಿ ಅಲ್ಲಿಗೆ ನುಗ್ಗಿ, ಕೈಕೈ ಮಿಲಾಯಿಸಿದ ಕಾಳಗದಲ್ಲಿ ಅದನ್ನು ಮರಳಿ ಪಡೆದರು. ಓಗಲ್‌ಥಾರ್ಪ್‌ನ ಪಾಳೆಯದ ಧೈರ್ಯ ಕುಸಿದದ್ದು ಅಂದಿನಿಂದ. ಕಲ್ಲು ಮತ್ತು ಹವಾನಾದ ಹಡಗು ಎರಡನ್ನೂ ಒಪ್ಪಿಕೊಂಡ ಮೇಲೆ, ಈ ಜನರನ್ನು ಮೂರನೆಯ ಕಾರಣವಾಗಿ ಸೇರಿಸಲೇಬೇಕು.

ಕುಮಟೆಯ ಎಂಜಿನಿಯರ್

ನಮ್ಮ ಕರಾವಳಿಯ ಜೊತೆಗಿನ ಒಂದು ನಂಟನ್ನು ಇಲ್ಲಿ ಹೇಳಿ ಮುಂದುವರಿಯಬಹುದು. ಸೇಂಟ್ ಅಗಸ್ಟೀನ್ ಕಟ್ಟಿಸಿದ ಎರಡನೆಯ ಫಿಲಿಪನೇ ಬಳಿಕ ಪೋರ್ಚುಗಲ್ಲಿನ ಸಿಂಹಾಸನವನ್ನೂ ಏರಿದ. ಹಾಗಾಗಿ 1580ರಿಂದ 1640ರವರೆಗೆ ಮಂಗಳೂರು, ಬಸರೂರು ಮತ್ತು ಹೊನ್ನಾವರದ ಪೋರ್ಚುಗೀಸ್ ಕೋಟೆಗಳೂ ಸ್ಪೇನಿನ ದೊರೆಗಳ ಹೆಸರಿನಲ್ಲೇ ಇದ್ದವು. ಆಡಳಿತ ಪ್ರತ್ಯೇಕವಾಗಿ ಗೋವೆಯಿಂದಲೇ ನಡೆಯುತ್ತಿತ್ತು, ಸ್ಪೇನಿನ ಸೈನ್ಯ ಇಲ್ಲಿಗೆ ಬಂದದ್ದಲ್ಲ. ಆ ಮೂರೂ ಕೋಟೆಗಳನ್ನು 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಪೋರ್ಚುಗೀಸರಿಂದ ಕಸಿದುಕೊಂಡ. ದಾಸಾ ಫ್ಲೋರಿಡಾದಲ್ಲಿ ನಕ್ಷೆ ಬರೆಯುವುದಕ್ಕೆ ಎರಡು ದಶಕ ಮೊದಲಿನ ಮಾತದು.

ಜಾಕ್ಸನ್‌ವಿಲ್ ಕನ್ನಡಿಗ

ನಾನಿರುವ ಊರಿನಿಂದ ಈ ಕೋಟೆ ಕಾರಿನಲ್ಲಿ ಒಂದು ಗಂಟೆಯ ದಾರಿಯೊಳಗಿದೆ. ಮನೆಗೆ ಬಂದ ನೆಂಟರನ್ನು ಕರೆದೊಯ್ಯುವ ಜಾಗವೂ ಅದೇ. ಹೊರಗೋಡೆಗೆ ಮುಖವೊಡ್ಡಿ ನಿಂತರೆ ಚಿಪ್ಪಿನ ಒಂದೊಂದು ಅಂಚೂ, ಅದರ ಮೇಲಿನ ಸಣ್ಣ ಗೀರುಗಳೂ ಕಾಣುತ್ತವೆ. ಕೆಲವು ಚಿಪ್ಪುಗಳಲ್ಲಿ ತಿಳಿ ನೇರಳೆ ಬಣ್ಣದ ಛಾಯೆ ಇನ್ನೂ ಉಳಿದಿದೆ. ಕೊತ್ತಲದ ತುದಿಯ ಕಾವಲು ಗೂಡಿನೊಳಗೆ ಒಬ್ಬರು ನಿಲ್ಲುವಷ್ಟೇ ಜಾಗ, ಅದರ ಕಿಂಡಿಯಿಂದ ಕೊಲ್ಲಿಯ ಬಾಯಿ ನೇರವಾಗಿ ಕಾಣುತ್ತದೆ. ಸ್ಪೇನಿನವರ ಕಾಲದಲ್ಲಿ ಗೋಡೆಗೆಲ್ಲ ಬಿಳಿಯ ಸುಣ್ಣದ ಗಿಲಾವು, ಕಾವಲು ಗೂಡುಗಳಿಗೆ ಕೆಂಪು ಬಣ್ಣ ಇತ್ತು. ಈಗ ಕಾಣುವ ಬೂದು ಬಣ್ಣ ಆ ಗಿಲಾವು ಉದುರಿದ ಮೇಲಿನದು.

ಚರ್ಚೆಯಲ್ಲಿ ಇನ್ನೂ ಬಾರದ ಕಾಲವೊಂದಿದೆ, ನನ್ನ ಮಟ್ಟಿಗೆ ಅದೇ ಅತಿ ಮುಖ್ಯವಾದದ್ದು. 1821ರಲ್ಲಿ ಫ್ಲೋರಿಡಾ ಅಮೆರಿಕಕ್ಕೆ ಸೇರಿತು. ಕ್ರಾಂತಿಯುದ್ಧದ ಸೇನಾನಿ ಫ್ರಾನ್ಸಿಸ್ ಮೇರಿಯನ್‌ನ ನೆನಪಿಗೆ ಕೋಟೆಗೆ ಫೋರ್ಟ್ ಮೇರಿಯನ್ ಎಂದು ಹೆಸರಿಟ್ಟು, ಅದನ್ನು ಮುಖ್ಯವಾಗಿ ಸೆರೆಮನೆಯಾಗಿ ಬಳಸಿದರು. 1837ರ ಅಕ್ಟೋಬರ್‌ನಲ್ಲಿ, ಸಂಧಾನದ ಬಿಳಿಯ ಬಾವುಟದಡಿ ಮಾತುಕತೆಗೆ ಬಂದಿದ್ದ ಫ್ಲೋರಿಡಾದ ಸೆಮಿನೋಲ್ ಮೂಲನಿವಾಸಿಗಳ ಮುಖಂಡ ಒಸಿಯೋಲಾನನ್ನು ಜನರಲ್ ಜೆಸಪ್‌ನ ಆಜ್ಞೆಯಂತೆ ಹಿಡಿದು ಇಲ್ಲಿಗೆ ತಂದರು. ಅಮೆರಿಕದ ಪತ್ರಿಕೆಗಳೇ ಆ ಕೃತ್ಯವನ್ನು ಖಂಡಿಸಿದವು. ಅವನನ್ನು ಚಾರ್ಲ್ಸ್‌ಟನ್ ಬಳಿಯ ಫೋರ್ಟ್ ಮೌಲ್ಟ್ರಿಗೆ ಸಾಗಿಸಿದರು. 1838ರ ಜನವರಿ 30ರಂದು ಅವನು ಅಲ್ಲಿ ಕಾಯಿಲೆಯಿಂದ ತೀರಿಕೊಂಡ. ಅದಕ್ಕೂ ಮೊದಲು, ನವೆಂಬರ್‌ನ ಒಂದು ರಾತ್ರಿ, ಕೊವಾಕೂಚೀ ಎಂಬ ಯುವ ನಾಯಕ 19 ಮಂದಿಯೊಡನೆ ಈ ಕೋಟೆಯಿಂದಲೇ ತಪ್ಪಿಸಿಕೊಂಡಿದ್ದ. ಅವನು ಮುಂದೆ ತಾನೇ ಹೇಳಿದ ಪ್ರಕಾರ, ಮೈ ತೆಳ್ಳಗಾಗುವಂತೆ ಊಟ ಬಿಟ್ಟು, ಎತ್ತರದ ಗಾಳಿಕಿಂಡಿಯ ಸಂದಿಯಲ್ಲಿ ನುಸುಳಿ ಕಂದಕಕ್ಕೆ ಇಳಿದಿದ್ದ. ಹೊರಗಿನವರನ್ನು ಒಳಬಿಡದ ಗೋಡೆ ಒಳಗಿನವರನ್ನು ಹಿಡಿದಿಡಲಾರದೆ ಹೋಯಿತು.

1875ರಲ್ಲಿ ಚೆಯೆನ್, ಕಯೋವಾ, ಕೊಮಾಂಚೀ, ಅರಾಪಾಹೊ ಮತ್ತು ಕ್ಯಾಡೊ ಬುಡಕಟ್ಟುಗಳ 72 ಮಂದಿಯನ್ನು, ವಿಚಾರಣೆಯೇ ಇಲ್ಲದೆ, ಬಯಲುಸೀಮೆಯಿಂದ ರೈಲಿನಲ್ಲಿ ಸಂಕೋಲೆ ಹಾಕಿ ಇಲ್ಲಿಗೆ ತಂದರು. ಕುದುರೆಯ ಮೇಲೆ ಬೆಳೆದ ಜನ ಮೂರು ವರ್ಷ ಈ ಕಮಾನು ಕೋಣೆಗಳಲ್ಲಿ, ಉಪ್ಪುಗಾಳಿಯ ತೇವದಲ್ಲಿ ಕಳೆದರು. ಅವರಲ್ಲಿ ಕೆಲವರು ಲೆಕ್ಕದ ಪುಸ್ತಕದ ಹಾಳೆಗಳ ಮೇಲೆ ಬಣ್ಣದ ಪೆನ್ಸಿಲ್ಲಿನಿಂದ ಚಿತ್ರ ಬರೆದರು: ಕಾಡೆಮ್ಮೆಯ ಬೇಟೆ, ಹಬ್ಬದ ಕುಣಿತ, ತಮ್ಮನ್ನು ಹೊತ್ತು ತಂದ ರೈಲು, ಅಂಗಳದಲ್ಲಿ ಸಾಲಾಗಿ ನಿಂತ ತಾವೇ. ಜೋಟಮ್, ಹೌಲಿಂಗ್ ವುಲ್ಫ್, ಬೇರ್ಸ್ ಹಾರ್ಟ್ ಅವರ ಆ ಹಾಳೆಗಳು ಇಂದು ಸ್ಮಿತ್ಸೋನಿಯನ್ನಿನಂಥ ದೊಡ್ಡ ಸಂಗ್ರಹಗಳಲ್ಲಿವೆ. ಚಿತ್ರಕಲೆಯಲ್ಲಿ ಆಸಕ್ತಿಯಿರುವವರು ತಪ್ಪದೆ ನೋಡಬೇಕು. ಅವರ ಮೇಲ್ವಿಚಾರಕನಾಗಿದ್ದ ರಿಚರ್ಡ್ ಹೆನ್ರಿ ಪ್ರ್ಯಾಟ್ ಕೂದಲು ಕತ್ತರಿಸಿ, ಸಮವಸ್ತ್ರ ತೊಡಿಸಿ, ಇಂಗ್ಲಿಷ್ ಕಲಿಸಿದ. ಅದೇ ಮಾದರಿಯಲ್ಲಿ 1879ರಲ್ಲಿ ಕಾರ್ಲೈಲ್ ಎಂಬಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ಶಾಲೆ ತೆರೆದ; ಮಕ್ಕಳನ್ನು ತಾಯಿತಂದೆಯರಿಂದ, ಮನೆಮಾತಿನಿಂದ ದೂರಮಾಡಿದ ವಸತಿಶಾಲೆಗಳ ಪದ್ಧತಿ ಅಲ್ಲಿಂದ ದೇಶಕ್ಕೆಲ್ಲ ಹಬ್ಬಿತು. 1886ರಲ್ಲಿ ಮತ್ತೆ ಐನೂರರಷ್ಟು ಅಪಾಚೆಗಳನ್ನು ತಂದು ತುಂಬಿದರು. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಒಳಗೆ ಜಾಗ ಸಾಲದೆ ಕೋಟೆಯ ನೆತ್ತಿಯ ಮೇಲೆ ಡೇರೆ ಹೊಡೆದಿದ್ದರು.

ಕೋಟೆ ನೋಡಲು ಬರುವವರು ಫಿರಂಗಿ ಹಾರಿಸುವ ಪ್ರದರ್ಶನ ನೋಡಿ ಹೊರಟುಬಿಡುತ್ತಾರೆ. ಈ ಕೋಣೆಗಳಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ಜೊತೆ ಬರುವವರಿಗೆ ಪ್ರತಿ ಸಲವೂ ಹೇಳುತ್ತೇನೆ.

ಕರಾವಳಿ ಓದುಗ

ಎಲ್ಲರಿಗೂ ಋಣಿಯಾಗಿದ್ದೇನೆ. ಕೋಟೆ ಕೈಬದಲಾದ ಬಗೆಯನ್ನೂ ಇಲ್ಲಿ ಸೇರಿಸಿಬಿಡುತ್ತೇನೆ. 1762ರಲ್ಲಿ ಬ್ರಿಟಿಷರು ಹವಾನಾವನ್ನು ಹಿಡಿದರು. ಅದನ್ನು ಮರಳಿ ಪಡೆಯಲು ಸ್ಪೇನ್ 1763ರ ಪ್ಯಾರಿಸ್ ಒಪ್ಪಂದದಲ್ಲಿ ಇಡೀ ಫ್ಲೋರಿಡಾವನ್ನೇ ಬಿಟ್ಟುಕೊಟ್ಟಿತು. ಎರಡು ಮುತ್ತಿಗೆಗಳಿಗೆ ಬಗ್ಗದ ಗೋಡೆಯ ಮೇಲೆ ಬ್ರಿಟಿಷ್ ಬಾವುಟ ಏರಿತು. ಹವಾನಾ ಉಳಿದಷ್ಟು ದಿನ ಕೋಟೆ ಉಳಿಯಿತು, ಹವಾನಾ ಬಿದ್ದಾಗ ಕೋಟೆಯೂ ಹೋಯಿತು ಎಂಬುದು ಅಧ್ಯಾಪಕಿಯವರ ಮಾತಿಗೆ ಅತ್ಯುತ್ತಮ ಆಧಾರ. ಬ್ರಿಟಿಷರ ಕಾಲದಲ್ಲಿ ಅಮೆರಿಕದ ಕ್ರಾಂತಿಕಾರಿಗಳನ್ನು ಸೆರೆಯಿಡಲು ಬಳಸಿದ ಈ ಕೋಟೆ 1783ರ ಒಪ್ಪಂದದಂತೆ ಮತ್ತೆ ಸ್ಪೇನಿಗೂ, 1819ರ ಆಡಮ್ಸ್–ಓನಿಸ್ ಒಪ್ಪಂದದಿಂದ ಅಮೆರಿಕಕ್ಕೂ ಹೋಯಿತು. 1861ರಲ್ಲಿ, ಅಮೆರಿಕದ ಅಂತರ್ಯುದ್ಧದ ಹೊಸ್ತಿಲಲ್ಲಿ, ಫ್ಲೋರಿಡಾದ ಪಡೆ ಬಂದಾಗ ಕಾವಲಿಗಿದ್ದ ಒಬ್ಬನೇ ಸಾರ್ಜೆಂಟ್ ರಸೀದಿ ಪಡೆದು ಬೀಗದ ಕೈ ಕೊಟ್ಟ. ಮರುವರ್ಷ ಉತ್ತರದ ಸೈನ್ಯಕ್ಕೆ ಒಂದು ಗುಂಡೂ ಹಾರದೆ ಅದು ಮರಳಿ ಸಿಕ್ಕಿತು. 1924ರಲ್ಲಿ ರಾಷ್ಟ್ರೀಯ ಸ್ಮಾರಕವಾಗಿ, 1933ರಲ್ಲಿ ರಾಷ್ಟ್ರೀಯ ಉದ್ಯಾನ ಸೇವೆಯ ಕೈಗೆ ಬಂದು, 1942ರಲ್ಲಿ ಹಳೆಯ ಸ್ಪ್ಯಾನಿಷ್ ಹೆಸರನ್ನು ಮರಳಿ ಪಡೆಯಿತು.

ಜಾಕ್ಸನ್‌ವಿಲ್‌ನಲ್ಲಿರುವ ಗೆಳೆಯರಲ್ಲಿ ಒಂದು ಪ್ರಶ್ನೆ: ಅಷ್ಟು ಪೊಳ್ಳಿನ ಕಲ್ಲು ಇಂದಿನ ಸಮುದ್ರ ಮತ್ತು ಮಳೆಯನ್ನು ಹೇಗೆ ತಾಳಿಕೊಳ್ಳುತ್ತಿದೆ?

ಜಾಕ್ಸನ್‌ವಿಲ್ ಕನ್ನಡಿಗ

ಕಷ್ಟದಿಂದ ತಾಳಿಕೊಳ್ಳುತ್ತಿದೆ. ಗುಂಡನ್ನು ನುಂಗಿದ ಆ ಪೊಳ್ಳುಗಳೇ ಈಗ ಮಳೆನೀರನ್ನೂ ಕುಡಿಯುತ್ತವೆ. ಗಿಲಾವು ಇಲ್ಲದ ಗೋಡೆಯೊಳಗೆ ನೀರು ಇಳಿದು ಚಿಪ್ಪನ್ನು ಹಿಡಿದಿಟ್ಟ ಸುಣ್ಣವನ್ನು ಕರಗಿಸುತ್ತದೆ, ಕಮಾನು ಕೋಣೆಗಳ ಒಳಗೆ ತೇವ ಮೂಡುತ್ತದೆ. ಗೋಡೆಯ ಮೇಲೆ ಹತ್ತಬೇಡಿ, ಕೂರಬೇಡಿ ಎಂದು ಸಿಬ್ಬಂದಿ ಹೇಳುತ್ತಿರುತ್ತಾರೆ, ಏಕೆಂದರೆ ಜನರ ಮೈ ಉಜ್ಜಿದರೂ ಚಿಪ್ಪುಗಳು ಉದುರುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಕಂದಕಕ್ಕೆ ನೀರು ಬಿಟ್ಟಿದ್ದರು. ಅದು ಬುಡಕ್ಕೆ ಕೇಡು ಎಂದು ಕಂಡ ಮೇಲೆ ನೀರು ತೆಗೆದು, ಸ್ಪೇನಿನವರು ಇಟ್ಟಿದ್ದಂತೆ ಒಣಗಿಸಿ ಹುಲ್ಲು ಬೆಳೆಸಿದ್ದಾರೆ. ಕೊಲ್ಲಿಯ ಕಡೆ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಸೈನ್ಯ ಕಟ್ಟಿದ ಕಡಲಗೋಡೆಯಿದೆ, ಆದರೆ 2016ರ ಮ್ಯಾಥ್ಯೂ ಮತ್ತು 2017ರ ಇರ್ಮಾ ಚಂಡಮಾರುತಗಳಲ್ಲಿ ಉಕ್ಕಿದ ಸಮುದ್ರ ಊರಿನ ತಗ್ಗಿನ ಬೀದಿಗಳಿಗೆಲ್ಲ ನುಗ್ಗಿತು. ಸಮುದ್ರಮಟ್ಟ ಏರುತ್ತಿರುವುದರಿಂದ ಅಂಥ ನೀರು ಇನ್ನು ಮುಂದೆ ಹೆಚ್ಚು ಸಲ ಬರುತ್ತದೆ, ಮತ್ತು ಕೊಕೀನಾಕ್ಕೆ ಉಪ್ಪುನೀರಿನಲ್ಲಿ ನೆನೆದು ಒಣಗುವ ಸರದಿ ಒಳ್ಳೆಯದಲ್ಲ. ನೋಡಬೇಕೆಂದಿರುವವರು ಚಳಿಗಾಲದಲ್ಲಿ ಬನ್ನಿ. ಕಲ್ಲು ಕಡಿದ ಗುಂಡಿಗಳನ್ನೂ ಅನಸ್ತಾಸಿಯಾ ದ್ವೀಪದ ಸರ್ಕಾರಿ ಉದ್ಯಾನದಲ್ಲಿ ನೋಡಬಹುದು. ಫೋರ್ಟ್ ಮೋಸೆಯ ಜಾಗವೂ ಹತ್ತಿರದಲ್ಲೇ ಇದೆ, ಮೂರನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬಹುದು.